ಸುಂಕಕ್ಕಿಂತ ಸೇವಾಶುಲ್ಕವೇ ಭಾರವಾದಾಗ

ಕೆನಡಾದ ಬ್ರಾಂಪ್ಟನ್ ನಗರದಲ್ಲಿರುವ ಒಬ್ಬರು ಅಮೆರಿಕದ ಅಂಗಡಿಯಿಂದ 60 ಕೆನಡಿಯನ್ ಡಾಲರ್ ಬೆಲೆಯ ಕಾಫಿ ಗ್ರೈಂಡರ್ ತರಿಸಿದರು ಎನ್ನೋಣ. ಸಾಗಣೆ ವೆಚ್ಚವನ್ನು ಆರ್ಡರ್ ಮಾಡುವಾಗಲೇ ಕಟ್ಟಿದ್ದಾಗಿದೆ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಕೆನಡಾ-ಅಮೆರಿಕ-ಮೆಕ್ಸಿಕೊ ಒಪ್ಪಂದದ ಪ್ರಕಾರ, ಅಮೆರಿಕ ಮತ್ತು ಮೆಕ್ಸಿಕೊದಿಂದ ಕೊರಿಯರ್ ಮೂಲಕ ಬರುವ 150 ಡಾಲರ್‌ವರೆಗಿನ ವಸ್ತುವಿಗೆ ಕಸ್ಟಮ್ಸ್ ಸುಂಕವಿಲ್ಲ. ಬೆಲೆ ತೆರಿಗೆ ವಿನಾಯಿತಿಯ 40 ಡಾಲರಿನ ಮಿತಿ ದಾಟಿದ್ದರಿಂದ, ಬ್ರಾಂಪ್ಟನ್ ಇರುವ ಒಂಟಾರಿಯೊ ಪ್ರಾಂತದ ಶೇ. 13ರ ಮಾರಾಟ ತೆರಿಗೆ (ಎಚ್‌ಎಸ್‌ಟಿ) ಮಾತ್ರ ಕಟ್ಟಬೇಕು. ಲೆಕ್ಕ ಹಾಕಿದರೆ 7 ಡಾಲರ್ 80 ಸೆಂಟ್. ಆದರೆ ಬಾಗಿಲಿಗೆ ಬಂದ ಕೊರಿಯರ್ ಹುಡುಗ ಕೈಗಿಡುವ ಬಿಲ್ಲಿನಲ್ಲಿ ಈ ತೆರಿಗೆಯ ಕೆಳಗೆ ಇನ್ನೂ ಕೆಲವು ಸಾಲುಗಳಿರುತ್ತವೆ: ದಾಖಲೆ ತಯಾರಿಸಿದ ಶುಲ್ಕ, ತೆರಿಗೆಯನ್ನು ಮುಂಗಡವಾಗಿ ಕಟ್ಟಿದ ಶುಲ್ಕ, ಬಾಗಿಲಲ್ಲಿ ಹಣ ಪಡೆದುಕೊಂಡ ಶುಲ್ಕ. ಇವೆಲ್ಲ ಸೇರಿ ಎಷ್ಟೋ ಸಲ ತೆರಿಗೆಯ ಎರಡು ಮೂರು ಪಟ್ಟಾಗುತ್ತವೆ.

ಬಿಲ್ ನೋಡಿದವರು ಮೊದಲು ಸರ್ಕಾರವನ್ನೇ ಬೈಯುತ್ತಾರೆ. ‘ಕಸ್ಟಮ್ಸ್‌ನವರು ಮೂವತ್ತು ಡಾಲರ್ ಕಿತ್ತುಕೊಂಡರು’ ಎಂಬ ಮಾತು ಅಲ್ಲಿನ ವಲಸಿಗರ ನಡುವೆ ಸಾಮಾನ್ಯ. ನಿಜಕ್ಕೂ ಕಸ್ಟಮ್ಸ್‌ಗೆ ಹೋದದ್ದು ಎಂಟು ಡಾಲರಿಗೂ ಕಡಿಮೆ. ಮಿಕ್ಕದ್ದೆಲ್ಲ ಖಾಸಗಿ ಕಂಪನಿಯೊಂದು ತನ್ನ ಕೆಲಸಕ್ಕೆ ತಾನೇ ನಿಗದಿಪಡಿಸಿಕೊಂಡ ಕೂಲಿ. ತೆರಿಗೆ ಮತ್ತು ಕೂಲಿ ಒಂದೇ ಬಿಲ್ಲಿನಲ್ಲಿ, ಒಂದೇ ಒಟ್ಟು ಮೊತ್ತವಾಗಿ ಬರುವುದರಿಂದ ಕೂಲಿಗೂ ತೆರಿಗೆಯ ಅಧಿಕಾರ ಅಂಟಿಕೊಳ್ಳುತ್ತದೆ. ಪ್ರಶ್ನಿಸಬಹುದಾದದ್ದು ಪ್ರಶ್ನಿಸಲಾಗದ್ದರ ವೇಷ ತೊಡುತ್ತದೆ. ಈ ವಿಷಯದಲ್ಲಿ ಆಗುತ್ತಿರುವ ಮುಖ್ಯ ಅನ್ಯಾಯ ಇದೇ.

ತೆರಿಗೆ ಕಟ್ಟುವುದು ನಾಗರಿಕರ ಹೊಣೆ, ಅದರಲ್ಲಿ ತಕರಾರಿಲ್ಲ. ಆದರೆ ಆ ಹೊಣೆಯನ್ನು ತಾನೇ ನಿರ್ವಹಿಸಬೇಕೋ, ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಬೇಕೋ ಎಂಬುದನ್ನು ತೀರ್ಮಾನಿಸುವ ಹಕ್ಕು ಪೊಟ್ಟಣ ತರಿಸಿಕೊಂಡವರಿಗೇ ಸೇರಿದ್ದು. ಕೆನಡಾದ ಕಾನೂನಿನಲ್ಲಿ ಈ ಹಕ್ಕು ಇದೆ. ವೈಯಕ್ತಿಕ ಬಳಕೆಯ ವಸ್ತುಗಳ ಲೆಕ್ಕವನ್ನು ಆಮದುದಾರರ ಪರವಾಗಿ ಒಪ್ಪಿಸಲು ಕೊರಿಯರ್ ಕಂಪನಿಗಳಿಗೆ 1995ರ ನಿಯಮಾವಳಿಯೊಂದು ಅನುಮತಿ ಕೊಟ್ಟಿದೆ. ಹಾಗೆಂದು ಅದು ಅವರ ಏಕಸ್ವಾಮ್ಯವಲ್ಲ. ಕೊರಿಯರ್‌ನಲ್ಲಿ ಬಂದ ವಸ್ತುವನ್ನು ಜನ ತಾವೇ ಬಿಡಿಸಿಕೊಳ್ಳಬಹುದು ಎಂದು ಕೆನಡಾದ ಗಡಿ ಸೇವಾ ಸಂಸ್ಥೆಯಾದ ಸಿಬಿಎಸ್‌ಎ ತನ್ನ ಸಾರ್ವಜನಿಕ ಮಾರ್ಗಸೂಚಿಯಲ್ಲೇ ಹೇಳುತ್ತದೆ.

ದಾರಿ ಹೀಗಿದೆ. ಮೊದಲಿಗೆ, ಕೊರಿಯರ್ ಕಂಪನಿ ತನ್ನ ಹೆಸರಿನಲ್ಲಿ ಲೆಕ್ಕ ಒಪ್ಪಿಸುವ ಮುನ್ನವೇ, ‘ಈ ಪೊಟ್ಟಣಕ್ಕೆ ನಿಮ್ಮ ಬ್ರೋಕರೇಜ್ ಸೇವೆ ಬೇಡ, ನಾನೇ ಕ್ಲಿಯರ್ ಮಾಡಿಸಿಕೊಳ್ಳುತ್ತೇನೆ’ ಎಂದು ತಿಳಿಸಬೇಕು. ಆಮೇಲೆ ಪೊಟ್ಟಣಕ್ಕೆ ಸೇರಿದ ವಿಶಿಷ್ಟ ಗುರುತಿನ ಸಂಖ್ಯೆಯನ್ನು ಅವರಿಂದ ಪಡೆಯಬೇಕು. ಆ ಸಂಖ್ಯೆ, ಅಂಗಡಿಯ ರಸೀದಿ ಮತ್ತು ಭಾವಚಿತ್ರವಿರುವ ಗುರುತುಪತ್ರ ಹಿಡಿದು ಹತ್ತಿರದ ಸಿಬಿಎಸ್‌ಎ ಕಚೇರಿಗೆ ಹೋಗಬೇಕು. ಬ್ರಾಂಪ್ಟನ್, ಮಿಸ್ಸಿಸಾಗಾ ಕಡೆಯವರಿಗೆ ಅದು ಪಿಯರ್ಸನ್ ವಿಮಾನ ನಿಲ್ದಾಣದ ಆಸುಪಾಸು. ಕೌಂಟರಿನ ಅಧಿಕಾರಿ ವಸ್ತು ಯಾವುದು, ಎಲ್ಲಿ ತಯಾರಾದದ್ದು, ಎಷ್ಟು ಕೊಟ್ಟಿರಿ, ಸ್ವಂತ ಬಳಕೆಗೋ ಮಾರಾಟಕ್ಕೋ ಎಂದು ಕೇಳಿ, ಅನ್ವಯವಾಗುವ ದರ ಹಾಕಿ, ವೈಯಕ್ತಿಕ ವಸ್ತುಗಳ ಲೆಕ್ಕಪತ್ರ ತಯಾರಿಸುತ್ತಾರೆ. ತೆರಿಗೆ ಕಟ್ಟಿದರೆ ರಸೀದಿ ಕೈಗೆ ಬರುತ್ತದೆ. ಅದನ್ನು ಕೊರಿಯರ್‌ಗೆ ತೋರಿಸಿದ ಮೇಲೆ ಪೊಟ್ಟಣವನ್ನು ಅವರ ಗೋದಾಮಿನಿಂದ ತರಬಹುದು, ಇಲ್ಲವೇ ಮನೆಗೆ ತರಿಸಿಕೊಳ್ಳಬಹುದು. ಈ ಲೆಕ್ಕಪತ್ರಕ್ಕೆ ಸಿಬಿಎಸ್‌ಎ ಬೇರೆ ಶುಲ್ಕ ವಿಧಿಸುವುದಿಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮಲ್ಲಿ ಗಾದೆಯೇ ಆಗಿಹೋಗಿದೆ. ಈ ವ್ಯವಹಾರದಲ್ಲಿ ಆ ಗಾದೆ ತಿರುಗುಮುರುಗಾಗಿದೆ. ಕೌಂಟರಿನ ಆಚೆಗೆ ಕುಳಿತ ಸುಂಕದ ಅಧಿಕಾರಿ ಪ್ರಶ್ನೆಗೆ ಉತ್ತರಿಸುತ್ತಾರೆ, ಯಾವ ದರ ಯಾಕೆ ಬಂತೆಂದು ತೋರಿಸುತ್ತಾರೆ. ಗ್ರಾಹಕರು ಹೆಚ್ಚು ಬಳಲುವುದು ಕೊರಿಯರ್‌ನ ಸಹಾಯವಾಣಿಯಲ್ಲಿ. ಗುರುತಿನ ಸಂಖ್ಯೆ ಕೇಳಿದರೆ ಒಂದು ವಿಭಾಗದಿಂದ ಇನ್ನೊಂದಕ್ಕೆ ಕರೆ ವರ್ಗವಾಗುತ್ತದೆ. ಅಷ್ಟರಲ್ಲಿ ಪೊಟ್ಟಣ ಕಂಪನಿಯ ಹೆಸರಿನಲ್ಲೇ ಬಿಡುಗಡೆಯಾಗಿ ವ್ಯಾನ್ ಹತ್ತಿಬಿಟ್ಟರೆ ಸ್ವಂತ ಲೆಕ್ಕದ ಅವಕಾಶ ಮುಗಿದಂತೆಯೇ. ಉಳಿಯುವುದು ಎರಡೇ ದಾರಿ: ಕೇಳಿದಷ್ಟು ಕೊಡುವುದು, ಇಲ್ಲವೇ ಪೊಟ್ಟಣವನ್ನು ನಿರಾಕರಿಸುವುದು.

ಕಂಪನಿಗಳ ವಾದವನ್ನೂ ನ್ಯಾಯವಾಗಿ ಕೇಳಬೇಕು. ಅವು ಸುಮ್ಮನೆ ಹಣ ಪಡೆಯುತ್ತಿಲ್ಲ. ಪ್ರತಿ ಪೊಟ್ಟಣದ ವಿವರವನ್ನು ಗಡಿಗೆ ಮುಟ್ಟುವ ಮುನ್ನ ಸಲ್ಲಿಸಬೇಕು, ವಸ್ತುವನ್ನು ಸುಂಕಪಟ್ಟಿಯ ಸರಿಯಾದ ಸಂಖ್ಯೆಯಡಿ ವರ್ಗೀಕರಿಸಬೇಕು, ಸರ್ಕಾರಕ್ಕೆ ಭದ್ರತಾ ಠೇವಣಿ ಇಡಬೇಕು, ಗ್ರಾಹಕರು ಹಣ ಕೊಡದಿದ್ದರೂ ತೆರಿಗೆ ಕಟ್ಟಬೇಕು. ಇದಕ್ಕೆಲ್ಲ ಜನ ಬೇಕು, ಗಣಕವ್ಯವಸ್ಥೆ ಬೇಕು. ಪ್ರತಿಯೊಬ್ಬರೂ ಕೌಂಟರಿಗೆ ಬರುವುದಾದರೆ ಸಿಬಿಎಸ್‌ಎ ಕಚೇರಿಗಳು ಒಂದೇ ದಿನದಲ್ಲಿ ಕುಸಿದು ಬೀಳುತ್ತವೆ ಎಂಬುದೂ ನಿಜ. ಮಧ್ಯವರ್ತಿ ಇರಲೇಬಾರದು ಎಂದು ವಾದಿಸುವುದು ಮೂರ್ಖತನ.

ಆದರೆ ಕೆಲಸ ನಡೆಯುವ ರೀತಿಯನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ. 3,300 ಡಾಲರ್‌ವರೆಗಿನ ವಸ್ತುಗಳಿಗೆಂದೇ ಕೆನಡಾದಲ್ಲಿ ಕೊರಿಯರ್ ಅಲ್ಪಮೌಲ್ಯ ಯೋಜನೆ ಇದೆ. ಅದರಡಿ ನೋಂದಾಯಿತ ಕಂಪನಿ ಪೊಟ್ಟಣಗಳ ಪಟ್ಟಿಯನ್ನು ಸಲ್ಲಿಸಿ ಸರಕನ್ನು ಬೇಗನೆ ಬಿಡಿಸಿಕೊಳ್ಳುತ್ತದೆ. ಲೆಕ್ಕವನ್ನು ಮುಂದಿನ ತಿಂಗಳ 24ನೇ ತಾರೀಖಿನೊಳಗೆ, ಅನೇಕ ಪೊಟ್ಟಣಗಳನ್ನು ಒಟ್ಟುಗೂಡಿಸಿ ಒಪ್ಪಿಸಬಹುದು. ಸರ್ಕಾರ ಈ ಸವಲತ್ತು ಕೊಟ್ಟದ್ದು ಕೆಲಸ ಹಗುರವಾಗಲಿ, ಖರ್ಚು ಇಳಿಯಲಿ ಎಂದು. ಖರ್ಚು ಇಳಿದದ್ದು ಸಗಟಿನಲ್ಲಿ, ಶುಲ್ಕ ಬೀಳುವುದು ಚಿಲ್ಲರೆಯಲ್ಲಿ. ಬಾಗಿಲಲ್ಲೇ ತೆರಿಗೆಯನ್ನು ವಸೂಲು ಮಾಡಿಕೊಂಡ ಪೊಟ್ಟಣಕ್ಕೂ ‘ಮುಂಗಡ ಕಟ್ಟಿದ ಶುಲ್ಕ’ ಎಂದು ಹಾಕುವಾಗ ಆ ಮುಂಗಡ ಎಷ್ಟು ದಿನದ್ದು, ನಿಜವಾಗಿ ಯಾರ ಜೇಬಿನದ್ದು ಎಂದು ಕೇಳುವ ಹಕ್ಕು ಗ್ರಾಹಕರಿಗೆ ಇರಬೇಕಲ್ಲವೇ?

ಹೋಲಿಸಿ ನೋಡಲು ಅಲ್ಲೇ ಒಂದು ಅಳತೆಗೋಲಿದೆ. ಅದೇ ಗ್ರೈಂಡರ್ ಅಂಚೆಯಲ್ಲಿ ಬಂದಿದ್ದರೆ ಕೆನಡಾ ಪೋಸ್ಟ್ ಪಡೆಯುವ ನಿರ್ವಹಣಾ ಶುಲ್ಕ 9 ಡಾಲರ್ 95 ಸೆಂಟ್. ವಸ್ತುವಿನ ಬೆಲೆ 60 ಡಾಲರ್ ಇರಲಿ, 300 ಇರಲಿ, ಶುಲ್ಕ ಅಷ್ಟೇ. ಖಾಸಗಿ ಕಂಪನಿಗಳಲ್ಲಿ ಅನೇಕವು ಬೆಲೆ ಏರಿದಂತೆ ಏರುವ ದರಪಟ್ಟಿ ಇಟ್ಟುಕೊಂಡಿವೆ. 300 ಡಾಲರಿನ ಷೂ ಜೋಡಿಗೆ ದಾಖಲೆ ಬರೆಯುವುದು 60 ಡಾಲರಿನ ಷೂ ಜೋಡಿಗೆ ಬರೆಯುವುದಕ್ಕಿಂತ ಕಷ್ಟವೇನಲ್ಲ. ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಕೆಲವು ಕಂಪನಿಗಳ ದುಬಾರಿ ವಿಮಾನ ಸೇವೆಯಲ್ಲಿ ಸಾಮಾನ್ಯ ಕ್ಲಿಯರೆನ್ಸ್ ದರದೊಳಗೇ ಸೇರಿರುತ್ತದೆ. ಅಗ್ಗವೆಂದು ತೋರುವ ರಸ್ತೆ ಸೇವೆಯಲ್ಲಿ ಅದಕ್ಕೆ ಪ್ರತ್ಯೇಕ ಶುಲ್ಕ. ಅಂಗಡಿಯ ಪುಟದಲ್ಲಿ ಕಡಿಮೆ ದರ ನೋಡಿ ಆರಿಸಿಕೊಂಡವರೇ ಕೊನೆಗೆ ಹೆಚ್ಚು ತೆತ್ತಿರುತ್ತಾರೆ.

ಈ ಅಸಮಾಧಾನ ಮನೆಮಾತಿನಲ್ಲೇ ನಿಂತಿಲ್ಲ. ಬ್ರಿಟಿಷ್ ಕೊಲಂಬಿಯಾ, ಒಂಟಾರಿಯೊ ಪ್ರಾಂತಗಳ ನ್ಯಾಯಾಲಯಗಳಲ್ಲಿ ಬ್ರೋಕರೇಜ್ ಶುಲ್ಕದ ವಿರುದ್ಧ ಸಾಮೂಹಿಕ ದಾವೆಗಳು ದಾಖಲಾಗಿದ್ದವು. ಶುಲ್ಕದ ಬಗ್ಗೆ ಮೊದಲೇ ತಿಳಿಸಿರಲಿಲ್ಲ, ತಾವು ಒಪ್ಪಿಯೂ ಇರಲಿಲ್ಲ ಎಂಬುದು ದೂರಿನ ತಿರುಳು. ಒಪ್ಪಂದ ಆದದ್ದು ಕಳಿಸುವ ಅಂಗಡಿಗೂ ಕೊರಿಯರ್‌ಗೂ ನಡುವೆ, ಬಿಲ್ ಹೋದದ್ದು ಮೂರನೆಯವರಿಗೆ. ತನ್ನ ಪರವಾಗಿ ಯಾರು ಕೆಲಸ ಮಾಡಬೇಕೆಂದು ಆರಿಸುವ ಅವಕಾಶವೇ ಇಲ್ಲದವರು ಆ ಕೆಲಸದ ದರದ ಬಗ್ಗೆ ಚೌಕಾಸಿ ಮಾಡುವುದಾದರೂ ಹೇಗೆ? ಸ್ಪರ್ಧೆಯಿಂದ ದರ ಇಳಿಯುತ್ತದೆ ಎಂಬ ಮಾರುಕಟ್ಟೆಯ ನಂಬಿಕೆ ಇಲ್ಲಿ ಕೆಲಸ ಮಾಡುವುದಿಲ್ಲ. ಪೊಟ್ಟಣ ಗಡಿ ತಲುಪಿದ ಮೇಲೆ ಸ್ಪರ್ಧಿ ಒಬ್ಬರೇ ಉಳಿದಿರುತ್ತಾರೆ, ಅದು ಕೌಂಟರಿಗೆ ಹೋಗಲು ಸಿದ್ಧರಾದ ಗ್ರಾಹಕರು.

ಊರಿನಿಂದ ಬರುವ ಪೊಟ್ಟಣಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಕೆನಡಾದ ಕನ್ನಡ ಕುಟುಂಬಗಳಿಗೆ ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಸೀರೆ, ಕುರ್ತಾ, ಪುಸ್ತಕ, ತಿಂಡಿ ಬರುತ್ತಲೇ ಇರುತ್ತವೆ. ಅಮೆರಿಕ-ಮೆಕ್ಸಿಕೊಗಳಿಗೆ ಸಿಕ್ಕ 40 ಮತ್ತು 150 ಡಾಲರಿನ ವಿನಾಯಿತಿ ಭಾರತದಿಂದ ಬರುವ ವಸ್ತುಗಳಿಗಿಲ್ಲ. ಇವುಗಳಿಗೆ ಮಿತಿ ಬರೀ 20 ಡಾಲರ್. ವಿದೇಶದಲ್ಲಿರುವ ನೆಂಟರೋ ಸ್ನೇಹಿತರೋ ಕಳಿಸಿದ ಉಡುಗೊರೆಗೆ 60 ಡಾಲರ್‌ವರೆಗೆ ತೆರಿಗೆಯಿಲ್ಲ, ಅದಕ್ಕೂ ಮೀರಿದರೆ ಹೆಚ್ಚುವರಿ ಮೊತ್ತಕ್ಕಷ್ಟೇ ತೆರಿಗೆ. ಮುದ್ರಿತ ಪುಸ್ತಕಗಳಿಗೆ ಸಾಮಾನ್ಯವಾಗಿ ಕಸ್ಟಮ್ಸ್ ಸುಂಕವಿಲ್ಲ. ಸಿದ್ಧ ಉಡುಪಿಗೆ ಮಾತ್ರ ಸುಂಕ ಜೋರು.

ಒಂದು ಲೆಕ್ಕ ಹಾಕೋಣ. 100 ಡಾಲರಿನ ಹತ್ತಿಯ ಉಡುಪಿಗೆ ಶೇ. 18ರ ಸುಂಕ ಬಿತ್ತೆಂದರೆ 18 ಡಾಲರ್. ಸುಂಕ ಸೇರಿದ 118 ಡಾಲರಿನ ಮೇಲೆ ಒಂಟಾರಿಯೊದ ಶೇ. 13 ಎಂದರೆ 15 ಡಾಲರ್ 34 ಸೆಂಟ್. ಒಟ್ಟು 33 ಡಾಲರ್ 34 ಸೆಂಟ್. ಅದೇ ಉಡುಪು ಆಲ್ಬರ್ಟಾದ ಕ್ಯಾಲ್ಗರಿಗೆ ಹೋದರೆ ಅಲ್ಲಿ ಶೇ. 5ರ ಜಿಎಸ್‌ಟಿ ಮಾತ್ರ, ಒಟ್ಟು 23 ಡಾಲರ್ 90 ಸೆಂಟ್. ಈಗ ಅದೇ ಪೊಟ್ಟಣದಲ್ಲಿ ಅರ್ಧ ಬೆಲೆಯಷ್ಟು ಪುಸ್ತಕಗಳಿದ್ದು, ಕಳಿಸಿದವರು ವಿವರದ ಚೀಟಿಯಲ್ಲಿ ‘ಬಟ್ಟೆ ಇತ್ಯಾದಿ’ ಎಂದಷ್ಟೇ ಬರೆದಿದ್ದಾರೆ ಎಂದುಕೊಳ್ಳಿ. ಸಾವಿರಾರು ಪೊಟ್ಟಣಗಳ ನಡುವೆ ವರ್ಗೀಕರಣ ಮಾಡುವ ಸಿಬ್ಬಂದಿ ಇಡೀ ಪೊಟ್ಟಣಕ್ಕೆ ಉಡುಪಿನ ದರ ಹಾಕಿದರೆ ಅಚ್ಚರಿಯಿಲ್ಲ. ಸುಂಕವಿಲ್ಲದ ಪುಸ್ತಕಗಳಿಗೂ ಸುಂಕ ಬೀಳುತ್ತದೆ. ಸ್ವತಃ ಕೌಂಟರಿಗೆ ಹೋದವರು ‘ಇದು ಉಡುಪು, ಇದು ಪುಸ್ತಕ, ಇದು ಅಮ್ಮ ಕಳಿಸಿದ ಉಡುಗೊರೆ’ ಎಂದು ಬಿಡಿಸಿ ಹೇಳಬಲ್ಲರು. ಪೊಟ್ಟಣದೊಳಗೆ ಏನಿದೆ ಎಂಬುದು ಅದನ್ನು ತರಿಸಿಕೊಂಡವರಿಗೆ ಗೊತ್ತಿರುವಷ್ಟು ಮಧ್ಯವರ್ತಿಗೆ ಗೊತ್ತಿರುವುದಿಲ್ಲ. ಶುಲ್ಕ ಉಳಿಯುವುದರ ಜೊತೆಗೆ ತೆರಿಗೆಯೂ ಸರಿಯಾಗುತ್ತದೆ. ಕೊರಿಯರ್ ಮೂಲಕ ಹೆಚ್ಚು ಕಟ್ಟಿಬಿಟ್ಟಿದ್ದರೂ ಮರುಪಾವತಿಗೆ ಸಿಬಿಎಸ್‌ಎಗೆ ಅರ್ಜಿ ಹಾಕಬಹುದು. ಆದರೆ ವಾಪಸು ಬರುವುದು ತೆರಿಗೆ, ಕೊರಿಯರ್‌ನ ಕೂಲಿಯಲ್ಲ.

ಇಷ್ಟಾದರೂ ಎಲ್ಲರೂ ಎಲ್ಲ ಪೊಟ್ಟಣಗಳಿಗೂ ಹೀಗೆ ಮಾಡಿ ಎಂದು ಹೇಳುವುದು ಬೇಜವಾಬ್ದಾರಿ. ಅರ್ಧ ದಿನದ ಸಂಬಳ ಬಿಟ್ಟು, ಕಾರಿಗೆ ಪೆಟ್ರೋಲ್ ಹಾಕಿಸಿ, ವಿಮಾನ ನಿಲ್ದಾಣದ ಹತ್ತಿರ ಪಾರ್ಕಿಂಗ್‌ಗೆ ದುಡ್ಡು ಕೊಟ್ಟು ಇಪ್ಪತ್ತು ಡಾಲರ್ ಉಳಿಸುವುದು ಲಾಭವಲ್ಲ. ಕಚೇರಿಗಳು ದೊಡ್ಡ ಊರುಗಳಲ್ಲಿ, ಗಡಿಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿವೆ. ಮ್ಯಾನಿಟೋಬಾದ ಉತ್ತರಕ್ಕಿರುವ ಸಣ್ಣ ಊರಿನವರಿಗೆ ಅವು ನೂರಾರು ಕಿಲೋಮೀಟರ್ ದೂರ. ಕೈಗೂಸಿರುವ ತಾಯಿ, ಎರಡು ಪಾಳಿ ದುಡಿಯುವ ಚಾಲಕ, ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರು ಕೌಂಟರಿಗೆ ಹೋಗಲಾರರು. ಕಚೇರಿಯ ಹತ್ತಿರ ಇರುವವರಿಗೆ, ಬೆಲೆಬಾಳುವ ವಸ್ತು ತರಿಸಿದವರಿಗೆ, ವರ್ಗೀಕರಣ ತಪ್ಪಾಗುವ ಸಂಭವ ಇರುವವರಿಗೆ ಇದು ನಿಜವಾಗಿ ಒದಗುತ್ತದೆ.

ಹಾಗಾದರೆ ಕೆಲವರಿಗಷ್ಟೇ ಒದಗುವ ಹಕ್ಕಿಗಾಗಿ ಇಷ್ಟೊಂದು ಮಾತೇಕೆ? ಆ ಹಕ್ಕು ಬಳಸದವರನ್ನೂ ಕಾಯುತ್ತದೆ, ಅದಕ್ಕೆ. ಗ್ರಾಹಕರು ಬೇಡವೆಂದು ಎದ್ದು ಹೋಗಬಲ್ಲರು ಎಂಬ ಅರಿವಿದ್ದಾಗ ಮಾತ್ರ ಕಂಪನಿಯ ದರಕ್ಕೆ ಒಂದು ಮೇಲ್ಮಿತಿ ಇರುತ್ತದೆ. ಆ ಬಾಗಿಲು ಕಾಗದದಲ್ಲಿದ್ದು ಕಣ್ಣಿಗೆ ಕಾಣದಿದ್ದರೆ ಮಿತಿಯೂ ಇಲ್ಲ.

ತೊಡಕಿನ ಬುಡ ಇರುವುದು ಸಣ್ಣ ಮೊತ್ತದ ತೆರಿಗೆಯನ್ನು ಗಡಿಯಲ್ಲಿ ಪೊಟ್ಟಣ ಪೊಟ್ಟಣವಾಗಿ ವಸೂಲು ಮಾಡುವ ಪದ್ಧತಿಯಲ್ಲಿ. ಕೆನಡಾದ ಸಿ.ಡಿ. ಹೌ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಲ್ಪಮೌಲ್ಯದ ವಸ್ತುಗಳಿಂದ ಬರುವ ತೆರಿಗೆಗಿಂತ ಅದನ್ನು ಸಂಗ್ರಹಿಸುವ ವೆಚ್ಚವೇ ದೊಡ್ಡದೆಂದು ಹೇಳಿತ್ತು. ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ಆಸ್ಟ್ರೇಲಿಯಾ 2018ರ ಜುಲೈ 1ರಿಂದ 1,000 ಆಸ್ಟ್ರೇಲಿಯನ್ ಡಾಲರ್‌ವರೆಗಿನ ವಸ್ತುಗಳ ಜಿಎಸ್‌ಟಿಯನ್ನು ದೊಡ್ಡ ಮಾರಾಟಗಾರರು ಮತ್ತು ಆನ್‌ಲೈನ್ ಮಾರುಕಟ್ಟೆಗಳಿಂದಲೇ ವಸೂಲು ಮಾಡುತ್ತಿದೆ. ಬ್ರಿಟನ್ 2021ರ ಜನವರಿಯಿಂದ 135 ಪೌಂಡ್‌ವರೆಗೆ, ಐರೋಪ್ಯ ಒಕ್ಕೂಟ ಅದೇ ವರ್ಷದ ಜುಲೈಯಿಂದ 150 ಯೂರೋವರೆಗೆ ಇಂಥ ವ್ಯವಸ್ಥೆ ತಂದವು. ಕೊಳ್ಳುವ ಹೊತ್ತಿಗೇ ತೆರಿಗೆ ಕಟ್ಟಿಯಾಗಿರುವುದರಿಂದ ಬಾಗಿಲಲ್ಲಿ ಬಿಲ್ ಬರುವ ಪ್ರಸಂಗ ಕಡಿಮೆ. ಆದರೆ ಇದು ಪೂರ್ಣ ಪರಿಹಾರವಲ್ಲ. ಅಕ್ಕ ತಂಗಿಗೆ ಕಳಿಸಿದ ಸೀರೆ, ನೋಂದಣಿ ಮಾಡಿಸದ ಸಣ್ಣ ಕುಶಲಕರ್ಮಿಯ ಸರಕು, ಮಿತಿ ಮೀರಿದ ವಸ್ತು ಇವೆಲ್ಲ ಮತ್ತೆ ಗಡಿಯಲ್ಲೇ ನಿಲ್ಲುತ್ತವೆ.

ಗಡಿಯ ನಿಯಮ ಒಮ್ಮೆಲೇ ಬದಲಾದರೆ ಏನಾಗುತ್ತದೆ ಎಂಬುದನ್ನು 2025 ತೋರಿಸಿತು. ಅಮೆರಿಕ 2016ರಿಂದ 800 ಡಾಲರ್‌ವರೆಗಿನ ಪೊಟ್ಟಣಗಳನ್ನು ಸುಂಕವಿಲ್ಲದೆ ಬಿಡುತ್ತಿತ್ತು. 2025ರ ಆಗಸ್ಟ್ 29ರಂದು ಆ ವಿನಾಯಿತಿಯನ್ನು ಎಲ್ಲ ದೇಶಗಳಿಗೂ ರದ್ದು ಮಾಡಿತು. ಸುಂಕವನ್ನು ಯಾರು, ಹೇಗೆ ವಸೂಲು ಮಾಡಬೇಕೆಂಬ ಗೊಂದಲದಲ್ಲಿ ಭಾರತೀಯ ಅಂಚೆ ಆಗಸ್ಟ್ 25ರಿಂದಲೇ ಅಮೆರಿಕಕ್ಕೆ ಹೋಗುವ ಹೆಚ್ಚಿನ ಪೊಟ್ಟಣಗಳ ಬುಕಿಂಗ್ ನಿಲ್ಲಿಸಿತು. ಸುಂಕವನ್ನು ಭಾರತದಲ್ಲೇ ಮುಂಗಡವಾಗಿ ಕಟ್ಟಿಸಿಕೊಳ್ಳುವ ಏರ್ಪಾಡಿನೊಂದಿಗೆ ಸೇವೆ ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಕರ್ನಾಟಕದ ಅಂಚೆ ಕಚೇರಿಗಳಿಂದ ಮಕ್ಕಳಿಗೆ ಚಟ್ನಿಪುಡಿ, ಉಪ್ಪಿನಕಾಯಿ ಕಳಿಸುತ್ತಿದ್ದವರಿಗೆ ಆ ವಾರಗಳಲ್ಲಿ ಉಳಿದದ್ದು ಖಾಸಗಿ ಕೊರಿಯರ್ ಒಂದೇ. ಅಗ್ಗದ, ಸಾರ್ವಜನಿಕ ದಾರಿ ಮುಚ್ಚಿದಾಗ ಮಧ್ಯವರ್ತಿಯ ಬಲ ಎಷ್ಟು ಬೆಳೆಯುತ್ತದೆ ಎಂಬುದು ಅವರಿಗೆ ಅನುಭವದಿಂದಲೇ ಗೊತ್ತಾಯಿತು.

ಭಾರತದಲ್ಲೂ ಮೂಲ ತತ್ವ ಬೇರೆಯಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 46ನೇ ಕಲಮಿನ ಪ್ರಕಾರ ಬಿಲ್ ಆಫ್ ಎಂಟ್ರಿ ಎಂಬ ಆಮದು ಘೋಷಣೆಯನ್ನು ಸಲ್ಲಿಸಬೇಕಾದವರು ಆಮದುದಾರರೇ. ಪರವಾನಗಿ ಪಡೆದ ಬ್ರೋಕರ್ ಅವರ ಪರವಾಗಿ ಕೆಲಸ ಮಾಡುವವರು. ಕೊರಿಯರ್‌ನಲ್ಲಿ ಬಂದದ್ದಕ್ಕೆ ಅಧಿಕೃತ ಕೊರಿಯರ್ ಕಂಪನಿಯೇ ದಾಖಲೆ ಸಲ್ಲಿಸುವುದು ರೂಢಿ. ಬೆಂಗಳೂರಿನವರೊಬ್ಬರು ವಿದೇಶದಿಂದ ಬಿಡಿಭಾಗ ತರಿಸಿದಾಗ ಗುರುತುಪತ್ರದ ಪ್ರತಿ ಕೇಳುವ ಸಂದೇಶ ಬರುತ್ತದೆ, ಆಮೇಲೆ ಸುಂಕ, ಐಜಿಎಸ್‌ಟಿ, ಕಂಪನಿಯ ಶುಲ್ಕ ಎಲ್ಲ ಸೇರಿದ ಒಂದು ಮೊತ್ತ ಬರುತ್ತದೆ. ಇಲ್ಲೂ ಜನ ಅದನ್ನು ‘ಕಸ್ಟಮ್ಸ್ ಹಾಕಿದ್ದು’ ಎಂದೇ ಕಟ್ಟುತ್ತಾರೆ.

ಕೆನಡಾ ಮನಸ್ಸು ಮಾಡಿದರೆ ತನ್ನಲ್ಲಿನ ಈ ತೊಡಕನ್ನು ಸರಿಪಡಿಸುವುದು ಕಷ್ಟವಲ್ಲ. 2024ರ ಅಕ್ಟೋಬರ್ 21ರಂದು ಅಲ್ಲಿ ‘ಕಾರ್ಮ್’ ಎಂಬ ಅಂತರ್ಜಾಲ ವ್ಯವಸ್ಥೆ ಜಾರಿಗೆ ಬಂತು. ವಾಣಿಜ್ಯ ಆಮದುದಾರರು ಈಗ ಘೋಷಣೆ ಸಲ್ಲಿಸುವುದು, ಸುಂಕ ಕಟ್ಟುವುದು ಎಲ್ಲವನ್ನೂ ಕುಳಿತಲ್ಲೇ ಮಾಡುತ್ತಾರೆ. ಕಂಟೇನರ್‌ಗಟ್ಟಲೆ ಸರಕು ತರಿಸುವ ವ್ಯಾಪಾರಿಗೆ ಇರುವ ಈ ಅನುಕೂಲ, ಒಂದು ಗ್ರೈಂಡರ್ ತರಿಸಿದ ಗೃಹಸ್ಥರಿಗೂ ಸಿಗಬೇಕು. ಪೊಟ್ಟಣದ ಸಂಖ್ಯೆ, ರಸೀದಿಯ ಚಿತ್ರ, ತಯಾರಾದ ದೇಶ, ಬೆಲೆ ಇಷ್ಟನ್ನು ಫೋನಿನಿಂದ ಸಲ್ಲಿಸಿ ತೆರಿಗೆ ಕಟ್ಟುವ ಸರಳ ಪುಟವೊಂದಿದ್ದರೆ ಕೌಂಟರಿನ ಸಾಲೂ ಬೆಳೆಯುವುದಿಲ್ಲ, ದೂರದ ಊರಿನವರಿಗೂ ಅನ್ಯಾಯವಾಗುವುದಿಲ್ಲ. ಅನುಮಾನ ಬಂದ ಪೊಟ್ಟಣವನ್ನು ತೆರೆದು ನೋಡುವ ಅಧಿಕಾರ ಅಧಿಕಾರಿಗಳ ಕೈಯಲ್ಲೇ ಇರುತ್ತದೆ.

ಅದು ಬರುವವರೆಗೂ ಮೂರು ನಿಯಮಗಳನ್ನು ಕಂಪನಿಗಳ ಮೇಲೆ ಕಡ್ಡಾಯ ಮಾಡಬಹುದು. ತೆರಿಗೆ ಬೇರೆ, ಸೇವಾಶುಲ್ಕ ಬೇರೆ ಎಂದು ಎರಡು ಪ್ರತ್ಯೇಕ ಮೊತ್ತಗಳಾಗಿ ಬಿಲ್ ಕೊಡಬೇಕು. ಪೊಟ್ಟಣ ಗಡಿ ದಾಟುವ ಮುನ್ನ ಗ್ರಾಹಕರಿಗೆ ಕಳಿಸುವ ಸಂದೇಶದಲ್ಲಿ ಅಂದಾಜು ಶುಲ್ಕವನ್ನೂ ‘ನಾನೇ ಕ್ಲಿಯರ್ ಮಾಡಿಸಿಕೊಳ್ಳುತ್ತೇನೆ’ ಎಂಬ ಆಯ್ಕೆಯನ್ನೂ ಒಟ್ಟಿಗೆ ತೋರಿಸಬೇಕು. ಆಯ್ಕೆ ಮಾಡಿದವರಿಗೆ ಗುರುತಿನ ಸಂಖ್ಯೆಯನ್ನು ಅದೇ ದಿನ ಕೊಟ್ಟು, ಅವರು ತೆರಿಗೆ ಕಟ್ಟಿ ಬರುವಷ್ಟು ಕಾಲ ಪೊಟ್ಟಣವನ್ನು ಹಿಡಿದಿಡಬೇಕು. ಪೊಟ್ಟಣ ಯಾವ ಊರಿನ ಯಾವ ಗೋದಾಮು ದಾಟಿತೆಂದು ಗಂಟೆಗಂಟೆಗೂ ಗ್ರಾಹಕರ ಫೋನಿಗೆ ತಿಳಿಸಬಲ್ಲ ಕಂಪನಿಗಳಿಗೆ ಆ ಸಂದೇಶದಲ್ಲಿ ಇನ್ನೆರಡು ಸಾಲು ಸೇರಿಸುವುದು ಹೊರೆಯಲ್ಲ.